ದೈತ್ಯರು ಹುಟ್ಟುವ ಬಗೆ

ಕಡಬ
9 ಜೂನ್ 2025

ಮೋಕ್ಷಿ,

ನೀನು ಕಳಿಸಿದ ದೈತ್ಯರ ಅಧ್ಯಾಯವನ್ನು ಎರಡು ಸಲ ಓದಿದೆ. ಮೊದಲ ಸಲ ಕೋಪದಲ್ಲಿ ಏನೂ ತಲೆಗೆ ಹೋಗಲಿಲ್ಲ.

ಒಂದೇ ಪುಟದಲ್ಲಿ ಒಬ್ಬನನ್ನೇ ದೈತ್ಯ ಅಂದಿದ್ದೀ, ರಾಕ್ಷಸ ಅಂದಿದ್ದೀ, ಕೆಳಗೆ ಬರುವಾಗ ‘ಬೃಹನ್ಮಾನವ’ ಅಂದಿದ್ದೀ. ಮೂರೂ ಒಂದೇ ಅಲ್ಲ ಮಾರಾಯ. ರಾಕ್ಷಸ ಅಂದರೆ ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಕೋರೆಹಲ್ಲು, ಮಾಯೆ, ಯಜ್ಞ ಕೆಡಿಸುವುದು. ದೈತ್ಯ ಅಂದರೆ ಮೂಲದಲ್ಲಿ ಒಬ್ಬ ತಾಯಿಯ ಮಕ್ಕಳು, ದೇವತೆಗಳ ದಾಯಾದಿಗಳು. ಆ ಶಬ್ದದಲ್ಲಿ ಗಾತ್ರದ ಸುದ್ದಿಯೇ ಇಲ್ಲ, ಅದು ಆಮೇಲೆ ಸೇರಿಕೊಂಡದ್ದು. ಇರಲಿ, ದೈತ್ಯ ಅಂತಲೇ ಇಟ್ಟುಕೋ, ಆದರೆ ಕೊನೆವರೆಗೂ ಅದನ್ನೇ ಇಟ್ಟುಕೋ.

ಇನ್ನು ಅವರ ಹುಟ್ಟು. ಹಿಮ ಕರಗಿದ ನೀರಿನಿಂದ ಮೊದಲ ದೈತ್ಯ ಎದ್ದು ಬಂದ ಅಂತ ಬರೆದಿದ್ದೀ. ಆಲೆಟ್ಟಿಯಲ್ಲಿ ಹುಟ್ಟಿ ಬೆಳೆದವನು ನೀನು, ಹಿಮ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ.

ಇದು ಎಂತ ಆಟ ಅಂತ ನನ್ನ ಗಂಡ ಕೇಳಿದರು. ಸುಳ್ಯದ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಆದಿತ್ಯವಾರ ಗೆಳೆಯರನ್ನು ಕೂರಿಸಿಕೊಂಡು ಕಥೆ ಹೇಳ್ತಾನೆ, ಅವರು ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಆಗಿ ಆ ಕಥೆಯೊಳಗೆ ಹೋಗ್ತಾರೆ, ಮಾಡಿದ್ದು ಆಯಿತಾ ಇಲ್ಲವಾ ಅಂತ ಇಪ್ಪತ್ತು ಮುಖದ ದಾಳ ಹೇಳ್ತದೆ, ಈಗ ಅದಕ್ಕೆ ಕನ್ನಡದಲ್ಲಿ ಪುಸ್ತಕ ಮಾಡ್ತಿದ್ದಾನೆ ಅಂತ ವಿವರಿಸಿದೆ. “ಹಣ ಕಟ್ಟಿ ಆಡುದಾ?” ಕೇಳಿದರು. ಅಲ್ಲ ಅಂದೆ. “ಮತ್ತೆ ಯಾಕೆ ಆಡುದು?” ಅಂದರು.

ಫೋನಿನಲ್ಲಿ ಮಾತಾಡಿದರೆ ಜಗಳ ಆಗ್ತದೆ, ಏನಿದ್ದರೂ ಬರೆದು ಕಳಿಸುವ ಅಂತ ನೀನೇ ಹೇಳಿದ್ದಕ್ಕೆ ಈ ಇಮೇಲ್. ಇನ್ನೊಂದು ವಿಷಯ. ನಿನ್ನ ಗೆಳೆಯ ಸಂಪ್ರೀತನ ಮದುವೆಯ ಫೋಟೋ ನೋಡಿದೆ. ಅಪ್ಪನ ಮುಖ ಯಾಕೆ ಹಾಗಿದೆ? ಮೂಗು, ತುಟಿ ಎಲ್ಲ ದಪ್ಪ ಕಾಣ್ತದೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನನಗೆ ಊರಿಗೆ ಬರಲಿಕ್ಕೇ ಆಗಲಿಲ್ಲ, ನೋಡದೆ ಆರೇಳು ತಿಂಗಳಾಯಿತು. ಅಪ್ಪ ಆರಾಮ ಇದ್ದಾರಲ್ಲ?

ಅಕ್ಕ


ಆಲೆಟ್ಟಿ
14 ಜೂನ್ 2025

ಅಕ್ಕ,

ತಪ್ಪು ಹುಡುಕಿದ್ದಕ್ಕೆ ಉಪಕಾರ. ಚೆನ್ನಾಗಿದ್ದದ್ದು ಒಂದೂ ಸಿಗಲಿಲ್ಲವಾ?

ಹಿಮದ ಕಥೆ ನಾನು ಸೃಷ್ಟಿ ಮಾಡಿದ್ದಲ್ಲ. ಹೊರದೇಶದ ಇಂಥ ಆಟಗಳಲ್ಲೆಲ್ಲ ದೈತ್ಯರ ಬೇರು ಆ ಬಡಗಣ ದೇಶಗಳ ಹಳೆ ಕಥೆಗಳಲ್ಲೇ ಉಂಟು. ಅಲ್ಲಿ ಮೊದಲ ದೈತ್ಯನ ಮೈಯಿಂದಲೇ ಲೋಕ ಮಾಡಿದರು, ಎಲುಬು ಬೆಟ್ಟ ಆಯಿತು, ರಕ್ತ ಸಮುದ್ರ ಆಯಿತು. ಆಟ ಮಾಡಿದವರು ಅದನ್ನು ತಂದು ಜಾತಿ ಮಾಡಿ ಹಂಚಿದರು. ಗುಡ್ಡದ ದೈತ್ಯ ಎಲ್ಲರಿಗಿಂತ ಕೆಳಗೆ, ದಡ್ಡ, ಹೊಟ್ಟೆಬಾಕ. ಮೇಲೆ ಕಲ್ಲಿನವನು, ಹಿಮದವನು, ಬೆಂಕಿಯವನು. ತುದಿಯಲ್ಲಿ ಮೋಡದವನು, ಬಿರುಗಾಳಿಯವನು. ದೈತ್ಯರಲ್ಲೂ ಮೇಲುಕೀಳು, ನೋಡು.

ನನಗೆ ಅದು ಬೇಡ ಅಂತ ಈಗ ಅನಿಸಿದೆ. ಹೊಸದು ಬರೆದಿದ್ದೇನೆ, ಓದು. ನಮ್ಮ ದೈತ್ಯ ದೈತ್ಯನಾಗಿ ಹುಟ್ಟುವುದೇ ಇಲ್ಲ. ಸಾಮಾನ್ಯ ಮನುಷ್ಯ, ಹೆಂಡತಿ ಮಕ್ಕಳು ಇರುವವನು. ನಡು ವಯಸ್ಸಿನಲ್ಲಿ ಒಂದು ದಿನ ಬೆಳೆಯಲಿಕ್ಕೆ ಶುರು ಮಾಡ್ತಾನೆ, ಮತ್ತೆ ನಿಲ್ಲುವುದಿಲ್ಲ. ಊರಿನೊಳಗೆ ಹಿಡಿಸದೆ ಕಾಡಿಗೆ ಹೋಗ್ತಾನೆ, ಬೆಳೆದು ಬೆಳೆದು ಒಂದು ಕಡೆ ಕೂತು ಗುಡ್ಡ ಆಗ್ತಾನೆ. ಅವನ ಎದೆಯೊಳಗೆ ನಿಧಿ. ವೀರರು ಅವನನ್ನು ಕೊಂದು ನಿಧಿ ತೆಗೀಬೇಕು.

ಈ ಯೋಚನೆ ಬಂದದ್ದೇ ಅಪ್ಪನಿಂದ. ದೈತ್ಯನ ಮಾತು ಆಡಲಿಕ್ಕೆ ಒಬ್ಬರು ಬೇಕಿತ್ತು, ಅಪ್ಪನನ್ನು ಕೂರಿಸಿದೆ. ಅವರ ಸ್ವರ ಈಗ ಹೇಗೆ ಆಗಿದೆ ಗೊತ್ತುಂಟಾ, ಗುಹೆಯೊಳಗಿಂದ ಬಂದ ಹಾಗೆ. ಆಟಕ್ಕೆ ಬರುವ ಅಶ್ವಿತ್ ಮೊದಲ ಸಲ ಕೇಳಿ ಕುರ್ಚಿ ಹಿಂದೆ ಎಳೆದುಕೊಂಡ. ಅಪ್ಪನಿಗೂ ಖುಷಿ.

ಅಪ್ಪ ಆರಾಮ ಇದ್ದಾರೆ. ಜೀಪು ಓಡಿಸ್ತಾರೆ, ಊಟ ಮಾಡ್ತಾರೆ. ಉಂಗುರ ಬೆರಳಿನಲ್ಲಿ ಸಿಕ್ಕಿಹಾಕಿಕೊಂಡಿತ್ತು, ಆಚಾರಿಯ ಹತ್ತಿರ ಕತ್ತರಿಸಿ ತೆಗೆಸಿದ್ದು. ಚಪ್ಪಲಿಯೂ ದೊಡ್ಡ ನಂಬರು ಬೇಕಾಯಿತು. “ನೋಡು, ನಾನು ನಿಜವಾಗಿಯೂ ದೈತ್ಯ ಆಗ್ತಾ ಇದ್ದೇನೆ” ಅಂತ ನಗಾಡಿದರು.

ಮೋಕ್ಷಿತ್


ಕಡಬ
15 ಜೂನ್ 2025

ಮೋಕ್ಷಿ,

ಅಪ್ಪನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ದೈತ್ಯರ ವಂಶಾವಳಿ ಬರೆದು ಕಳಿಸ್ತೀಯ. ಅಪ್ಪ ಕೊನೆಯಲ್ಲಿ, ಅದೂ ಚಪ್ಪಲಿಯ ಜೊತೆ.

ಐವತ್ತೈದು ವರ್ಷದವರ ಕಾಲು ಉದ್ದ ಆಗುವುದು ಎಲ್ಲಿಯಾದರೂ ಉಂಟಾ? ತೂಕ ಜಾಸ್ತಿ ಆಗಿದೆಯಾ? ಸಕ್ಕರೆ ನೋಡಿಸಿದ್ದೀರಾ? ಅವ್ವನಿಗೆ ಫೋನ್ ಮಾಡಿದೆ. “ವಯಸ್ಸಾಯಿತು, ಮುಖ ಬದಲಾಗದೆ ಇರ್ತದಾ” ಅಂದವರು ಅಲ್ಲಿಂದ ಸೀದಾ ನಿನ್ನ ಮದುವೆಗೆ ಬಂದರು. ಆ ಮನೆಯಲ್ಲಿ ಸರಿಯಾಗಿ ಉತ್ತರ ಕೊಡುವವರು ಒಬ್ಬರೂ ಇಲ್ಲ.

ಹೊಸ ಅಧ್ಯಾಯ ಓದಿದೆ. ಹಿಮಕ್ಕಿಂತ ಇದು ಮೇಲು, ಒಪ್ಪಿದೆ. ಆದರೆ ಬೆಳೆಯುವುದು ಯಾಕೆ ಶುರುವಾಗ್ತದೆ? ಪಾಪ ಮಾಡಿದನಾ, ಶಾಪವಾ, ಏನಾದರೂ ತಿಂದನಾ? ಕಾರಣ ಇಲ್ಲದೆ ಬೆಳೆಯುತ್ತಾನೆ ಅಂದರೆ ಓದುವವರು ಒಪ್ಪುವುದಿಲ್ಲ. ಮತ್ತೆ, ಹೆಂಡತಿ ಮಕ್ಕಳು ಇರುವವನನ್ನು ಕೊಂದು ನಿಧಿ ತೆಗೆಯುವವನು ವೀರ ಹೇಗೆ ಆದ?

ಅಪ್ಪನನ್ನು ಒಮ್ಮೆ ಡಾಕ್ಟರಿಗೆ ತೋರಿಸು. ಇದು ಸಲಹೆ ಅಲ್ಲ.

ಅಕ್ಕ


ಆಲೆಟ್ಟಿ
30 ಜೂನ್ 2025

ಅಕ್ಕ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಲ್ಲೇ. ನಾನು ಎಂತ ಮಾಡಿದರೂ ನಿನಗೆ ಕೆಂಪು ಪೆನ್ನೇ ಕೈಗೆ ಬರುದು. ಆದರೆ ನಿನ್ನೆ ಆಟದಲ್ಲಿ ಆದದ್ದನ್ನು ಹೇಳದೆ ಇರಲಿಕ್ಕೆ ಆಗುದಿಲ್ಲ.

ವೀರರು ಗುಹೆಗೆ ಬಂದರು. ದೈತ್ಯ ನಿದ್ದೆಯಲ್ಲಿರಬೇಕು, ಇವರು ಕದ್ದು ಒಳಗೆ ಹೋಗಬೇಕು, ನಾನು ಬರೆದದ್ದು ಹಾಗೆ. ಅಪ್ಪ ನಿದ್ದೆ ಮಾಡಲಿಕ್ಕೆ ಒಪ್ಪಲಿಲ್ಲ.

“ದೈತ್ಯನಿಗೆ ನಿದ್ದೆ ಬರುದಿಲ್ಲ. ತಲೆನೋವು” ಅಂದರು.

“ಎಂಥ ತಲೆನೋವು?” ಅಶ್ವಿತ್ ಕೇಳಿದ.

ಅಪ್ಪ ಹಣೆ ಹಿಡಿದುಕೊಂಡು ಹೇಳಿದರು, “ಹುಬ್ಬಿನ ಹಿಂದೆ ಯಾರೋ ಕೂತು ಒಳಗಿಂದ ದೂಡಿದ ಹಾಗೆ. ಬದಿಯಿಂದ ಬರುವವರು ನನಗೆ ಕಾಣುದಿಲ್ಲ. ಮಾತಾಡುದಿದ್ದರೆ ಎದುರು ಬಂದು ಮಾತಾಡಿ.”

ಅಶ್ವಿತ್ ದಾಳ ಕೈಯಲ್ಲಿ ಹಿಡಿದವನು ಹಾಕಲೇ ಇಲ್ಲ. ನಮ್ಮ ಅಪ್ಪ ಇಷ್ಟು ಚೆನ್ನಾಗಿ ನಟನೆ ಮಾಡ್ತಾರೆ ಅಂತ ಗೊತ್ತಿರಲಿಲ್ಲ ಮಾರಾಯ್ತಿ. ಅದನ್ನು ನಿಯಮವಾಗಿಯೇ ಸೇರಿಸಿದ್ದೇನೆ. ದೈತ್ಯನಿಗೆ ಎಡಬಲ ಕಾಣುವುದಿಲ್ಲ, ಬದಿಯಿಂದ ಹೋದ ವೀರನ ದಾಳಕ್ಕೆ ಐದು ಹೆಚ್ಚು. ಎಷ್ಟು ಚಂದದ ನಿಯಮ ಅಲ್ವಾ?

ಡಾಕ್ಟರ ವಿಷಯ ಹೇಳಿದೆ. “ನನಗೆ ಎಂತ ಆಗಿದೆ” ಅಂತ ಕೇಳಿದರು, ನಾನು ಅಲ್ಲಿಗೇ ಬಿಟ್ಟೆ. ಕಳೆದ ವಾರ ಜೀಪನ್ನು ಮೋರಿಯ ಕಟ್ಟೆಗೆ ಉಜ್ಜಿದ್ದಾರೆ, ಎಡಬದಿಯ ಬಣ್ಣ ಪೂರಾ ಹೋಗಿದೆ. ಕಟ್ಟೆಯೇ ಮುಂದೆ ಬಂದಿದೆ ಅಂತ ಅವರ ವಾದ.

ಮೋಕ್ಷಿತ್


ಕಡಬ
2 ಜುಲೈ 2025

ಮೋಕ್ಷಿ,

ಫೋನ್ ಎತ್ತು. ಎತ್ತುವುದಿಲ್ಲವಾದರೆ ಇದನ್ನಾದರೂ ಓದು.

ಅಪ್ಪ ಮಾಡಿದ್ದು ನಟನೆ ಅಲ್ಲ.

ಇವತ್ತು ಅತ್ತೆಯನ್ನು ಪುತ್ತೂರಿನ ದರ್ಬೆಗೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನನ್ನ ಮದುವೆಯ ಫೋಟೋ, ಸಂಪ್ರೀತನ ಮದುವೆಯ ಫೋಟೋ ಎರಡನ್ನೂ ತೋರಿಸಿದೆ. ಅವರು ಅತ್ತೆಯ ಎಕ್ಸ್‌ರೇ ಮೇಜಿನ ಮೇಲಿಟ್ಟು ಆ ಫೋಟೋಗಳನ್ನೇ ನೋಡಿದರು. ಉಂಗುರ ಬಿಗಿಯಾಗಿದೆಯಾ, ಚಪ್ಪಲಿ ಬದಲಿಸಿದರಾ, ಸ್ವರ ದಪ್ಪವಾಯಿತಾ, ತಲೆನೋವು ಉಂಟಾ, ಬದಿಯದ್ದು ಕಾಣುವುದಿಲ್ಲ ಅಂತಾರಾ ಅಂತ ಒಂದೊಂದೇ ಕೇಳಿದರು. ನಾನು ಒಂದೊಂದಕ್ಕೂ ಹೌದು ಹೌದು ಅಂದೆ, ಎಲ್ಲ ನಿನ್ನ ದೈತ್ಯನ ಲಕ್ಷಣಗಳೇ.

ಮಿದುಳಿನ ಬುಡದಲ್ಲಿ ಬಟಾಣಿ ಗಾತ್ರದ ಗ್ರಂಥಿ ಉಂಟಂತೆ. ಬೆಳೆಯಲಿಕ್ಕೆ ಹೇಳುವುದು ಅದೇ. ಅದರಲ್ಲಿ ಗಡ್ಡೆ ಆದರೆ ದೊಡ್ಡವರೂ ಬೆಳೆಯಲಿಕ್ಕೆ ಶುರು ಮಾಡ್ತಾರೆ, ಕೈ, ಕಾಲು, ದವಡೆ. ಗಡ್ಡೆ ದೊಡ್ಡದಾದರೆ ಮೇಲಿರುವ ಕಣ್ಣಿನ ನರವನ್ನು ಒತ್ತುತ್ತದೆ, ಆಗ ಎರಡೂ ಬದಿಯ ನೋಟ ಹೋಗ್ತದೆ. ಹೆಚ್ಚಿನವರಲ್ಲಿ ಕ್ಯಾನ್ಸರ್ ಅಲ್ಲವಂತೆ. ಆದರೆ ತಡ ಮಾಡಿದರೆ ಹೋದ ನೋಟ ವಾಪಸು ಬರುವುದು ಕಷ್ಟ. ಪರೀಕ್ಷೆ ಮಾಡದೆ ಖಂಡಿತ ಹೇಳಲಿಕ್ಕಾಗುವುದಿಲ್ಲ, ಮಂಗಳೂರಿಗೆ ಹೋಗಿ ಅಂದರು.

ಅಪ್ಪ ದಿನಾ ಬೆಳಿಗ್ಗೆ ಶಾಲೆ ಮಕ್ಕಳನ್ನು ತುಂಬಿಸಿಕೊಂಡು ಆ ಜೀಪು ಓಡಿಸ್ತಾರೆ. ಕೀ ತೆಗೆದಿಡು. ಇವತ್ತೇ. ಬದಿಯಿಂದ ಬಂದವನಿಗೆ ದಾಳದಲ್ಲಿ ಐದು ಹೆಚ್ಚು ಕೊಡ್ತಾನಂತೆ.

ಅಕ್ಕ


ಆಲೆಟ್ಟಿ
5 ಜುಲೈ 2025

ಅಕ್ಕ,

ಕೀ ನನ್ನ ಹತ್ತಿರ ಉಂಟು. ಮಕ್ಕಳಿಗೆ ಬೇರೆ ಜೀಪು ಮಾಡಿಕೊಟ್ಟೆ.

ನೀನು ಹೇಳಿದ್ದನ್ನು ಮೊದಲು ನಂಬಲಿಲ್ಲ. ಅಪ್ಪ ಪೇಪರ್ ಓದ್ತಿದ್ದರು. ನಾನು ಅವರ ಪಕ್ಕದಲ್ಲಿ ನಿಂತು ಬದಿಯಿಂದ ಕೈ ಆಡಿಸಿದೆ. ಕಿವಿಯ ಹತ್ತಿರ ತಂದೆ. ಕೆನ್ನೆಯ ನೇರಕ್ಕೆ ತಂದೆ. ಪುಟ ತಿರುಗಿಸಿ ಓದ್ತಾನೇ ಇದ್ದರು. ಅಕ್ಕ, ನಾನು ದಿನಾ ಅವರ ಜೊತೆ ಊಟಕ್ಕೆ ಕೂರುವವನು. ದಿನಾ ನೋಡಿದ ಮುಖ ಬದಲಾದದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿದೆ.

ಕೀ ತೆಗೆದದ್ದಕ್ಕೆ ದೊಡ್ಡ ರಾದ್ಧಾಂತ ಆಯಿತು. ನಿನ್ನ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ನನ್ನ ಕೋಣೆಗೆ ಹೋಗಿ ದೈತ್ಯರ ಅಧ್ಯಾಯ ತಂದು ನನ್ನ ಎದುರು ಹಾಕಿದರು.

“ನಾನು ಹೀಗೆ ಇದ್ದೇನೆ ಅಂತ ಆಟದಲ್ಲಿ ಹೇಳಿದಾಗ ನೀವೆಲ್ಲ ಭೇಷ್ ಅಂದಿರಿ. ಈಗ ಅದೇ ರೋಗವಾ? ಬೆಳೆಯುದು ದೈತ್ಯನ ಗುಣ ಅಂತ ಬರೆದದ್ದು ನೀನೇ ಅಲ್ವಾ? ಕೊನೆಗೆ ಕೊಲ್ಲಿಸಿದ್ದೂ ನೀನೇ” ಅಂದರು.

ಮಂಗಳೂರಿಗೆ ಬರುವುದಿಲ್ಲವಂತೆ. ಪುಸ್ತಕ ನಿಲ್ಲಿಸಿದ್ದೇನೆ, ನೀನು ತಿದ್ದಲಿಕ್ಕೆ ಕೂರಬೇಡ.

ಮೋಕ್ಷಿತ್


ಕಡಬ
6 ಜುಲೈ 2025

ಮೋಕ್ಷಿ,

ನಿಮ್ಮನ್ನೆಲ್ಲ ನಾನು ಎಂತ ಮಾಡುವುದು ಹೇಳು. ಅಪ್ಪ ಹಟ ಹಿಡಿದು ಕೂತಿದ್ದಾರೆ, ನೀನು ಪುಸ್ತಕ ಮುಚ್ಚಿ ಮುಖ ಊದಿಸಿಕೊಂಡಿದ್ದೀ. ಅವ್ವನಿಗೆ ಫೋನ್ ಮಾಡಿದರೆ “ರಾತ್ರಿ ಗೊರಕೆ ಎಷ್ಟು ಅಂದರೆ ನಾನು ಚಾವಡಿಯಲ್ಲಿ ಮಲಗುದು” ಅಂತಾರೆ. ಎಷ್ಟು ಸಮಯದಿಂದ ಅಂದರೆ, ಎರಡು ವರ್ಷ. ಹೇಳಲಿಲ್ಲ ಯಾಕೆ ಅಂತ ಕೇಳಿದರೆ, “ನೀನು ಕೇಳಲಿಲ್ಲ” ಅಂತಾರೆ.

ನೀನು ಪುಸ್ತಕ ನಿಲ್ಲಿಸಿದರೆ ಅಪ್ಪನ ಗಡ್ಡೆ ಕರಗುತ್ತದಾ? ಒಂದು ಉಪಾಯ ಹೇಳ್ತೇನೆ, ಇಂಥ ಮಾತು ನನ್ನ ಬಾಯಲ್ಲಿ ಬರ್ತದೆ ಅಂತ ನಾನೇ ಎಣಿಸಿರಲಿಲ್ಲ. ಬರುವ ಆದಿತ್ಯವಾರ ಆಟ ಇಡು. ಮನೆಯಲ್ಲಿ ಬಾಯಿ ಬಿಡದವರು ಆ ಮೇಜಿನ ಹತ್ತಿರ ಮಾತಾಡಿದ್ದಾರೆ. ಯಾರಾದರೊಬ್ಬರು ವೈದ್ಯನಾಗಿ ಬಂದು ದೈತ್ಯನಿಗೆ ಮದ್ದುಂಟು ಅಂತ ಹೇಳಲಿ. ಅಪ್ಪ ಅಲ್ಲಿ ಒಪ್ಪಿದರೆ ಇಲ್ಲಿಯೂ ಒಪ್ಪಬಹುದು.

ನಾನೇ ಬರುತ್ತಿದ್ದೆ. ಅತ್ತೆಯನ್ನು ನೋಡಿಕೊಳ್ಳಲಿಕ್ಕೆ ಜನ ಸಿಕ್ಕಿದ ಕೂಡಲೇ ಬರ್ತೇನೆ.

ಅಕ್ಕ


ಆಲೆಟ್ಟಿ
14 ಜುಲೈ 2025

ಅಕ್ಕ,

ನಿನ್ನ ಉಪಾಯ ಪೂರಾ ಹಾಳಾಯಿತು. ಆದರೂ ಕೆಲಸ ಆಯಿತು. ಹೇಗೆ ಅಂತ ಹೇಳ್ತೇನೆ.

ಸಂಪ್ರೀತನನ್ನು ವೈದ್ಯ ಮಾಡಿದೆ. ಅವನು ಎರಡು ದಿನ ಅಭ್ಯಾಸ ಮಾಡಿಕೊಂಡು ಬಂದಿದ್ದ. ಅಪ್ಪ ಬರುವುದಿಲ್ಲ ಅಂದವರು, ಚಾ ಕುಡಿದು ಬಂದು ಅವರ ಜಾಗದಲ್ಲೇ ಕೂತರು.

ಸಂಪ್ರೀತ ಶುರು ಮಾಡಿದ, “ಎಲೈ ದೈತ್ಯನೇ, ನಿನ್ನ ತಲೆನೋವಿಗೆ ಮದ್ದುಂಟು. ಪಡುವಣ ಕಡಲಿನ ತಡಿಯಲ್ಲಿ ಒಂದು ಪಟ್ಟಣ ಉಂಟು.”

“ಮಂಗಳೂರಾ?” ಅಪ್ಪ ಕೇಳಿದರು.

ಅಶ್ವಿತ್‌ಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಸಂಪ್ರೀತ ನನ್ನ ಮುಖ ನೋಡಿದ.

“ದಾಳ ಕೆಳಗಿಡಿ. ಆಸ್ಪತ್ರೆಯ ಹೆಸರನ್ನೂ ಹೇಳಿಬಿಡು ಮಾರಾಯ, ಇಷ್ಟು ಕಷ್ಟ ಯಾಕೆ” ಅಂದರು ಅಪ್ಪ. ನಾನು ಏಳಲಿಕ್ಕೆ ಹೊರಟೆ. ಕೂರು ಅಂದರು.

“ಜೂನ್‌ನಲ್ಲಿ, ಶಾಲೆ ಶುರುವಾದ ವಾರ. ಜೀಪಿನಲ್ಲಿ ಮಕ್ಕಳಿದ್ದರು. ಕೆಳಗಿನ ಮನೆಯ ಕುಂಞಿಪಾತುಮ್ಮ, ರಸ್ತೆಯ ಎಡಬದಿಯಲ್ಲಿ ನಡೆದು ಹೋಗ್ತಿದ್ದರು. ನನಗೆ ಕಾಣಲಿಲ್ಲ. ಅವರು ಕೊಡೆಯಿಂದ ಜೀಪಿಗೆ ಹೊಡೆದ ಶಬ್ದ ಕೇಳಿ ನಿಲ್ಲಿಸಿದೆ. ಅವರು ಚರಂಡಿಯಲ್ಲಿ ಕಾಲಿಟ್ಟು ನಿಂತಿದ್ದಾರೆ, ಸೆರಗು ಪೂರಾ ಕೆಸರು. ‘ಎಂತ ಮಾಯಿಲಪ್ಪ, ಕಣ್ಣು ಕಾಣುದಿಲ್ವಾ’ ಅಂತ ಕೇಳಿದರು. ಇಲ್ಲ ಅಂತ ಹೇಳಬೇಕಿತ್ತು. ಬ್ರೇಕು ಸರಿ ಇಲ್ಲ ಅಂತ ಹೇಳಿದೆ. ಮರುದಿನವೂ ಜೀಪು ತೆಗೆದೆ.”

“ನಮ್ಮ ಹತ್ತಿರ ಹೇಳಬಹುದಿತ್ತಲ್ಲ ಅಪ್ಪ” ಅಂದೆ.

“ಮನೆಯಲ್ಲಿ ಹೇಳಿದರೆ ನೀವು ಕೀ ತೆಗೀತೀರಿ. ಇಲ್ಲಿ ಹೇಳಿದರೆ ದಾಳ ಹಾಕ್ತೀರಿ, ಅಷ್ಟೆ. ಯಾರ ಹತ್ತಿರವಾದರೂ ಹೇಳಬೇಕಿತ್ತು ನನಗೆ.”

ಅವ್ವ ಬಾಗಿಲ ಹತ್ತಿರ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಒಳಗೆ ಬಂದು ಅಪ್ಪನ ಹಿಂದೆ ನಿಂತು ಅವರ ಹೆಗಲ ಮೇಲೆ ಕೈ ಇಟ್ಟರು. ಅವ್ವ ನಮ್ಮ ಎದುರು ಹಾಗೆ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ.

ಅಪ್ಪ ಕೇಳಿದರು, “ಮೂಗಿನೊಳಗಿಂದ ತಲೆಗೆ ಹೋಗಿ ಗಡ್ಡೆ ತೆಗೀತಾರಂತೆ, ಹೌದಾ? ಆಮೇಲೆ ಇದ್ದ ಕಣ್ಣೂ ಹೋದರೆ?” ಗೊತ್ತಿಲ್ಲ ಅಂತಲೇ ಹೇಳಿದೆ. ಅದು ಅವರಿಗೆ ಸರಿ ಕಂಡಿತು ಅಂತ ಕಾಣ್ತದೆ.

“ಅಕ್ಕನಿಗೆ ಬರಲಿಕ್ಕೆ ಹೇಳು. ನೀನು ಜೊತೆಗೆ ಬೇಡ. ನೀನು ಅಲ್ಲಿಯೂ ಕೂತು ಕಥೆ ಬರೀತೀಯ” ಅಂದರು.

ಬಾ ಅಕ್ಕ.

ಮೋಕ್ಷಿತ್


ಮಂಗಳೂರು
21 ಆಗಸ್ಟ್ 2025

ಮೋಕ್ಷಿ,

ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಆದರೂ ಇಲ್ಲಿ ವಾರ್ಡಿನ ಹೊರಗೆ ಕೂತು ಬೇರೆ ಕೆಲಸ ಇಲ್ಲ.

ಗಡ್ಡೆ ಹೆಚ್ಚಿನಂಶ ತೆಗೆದಿದ್ದಾರೆ. ಸ್ವಲ್ಪ ಉಳಿದಿದ್ದರೆ ಇಂಜೆಕ್ಷನ್ ಬೇಕಾದೀತು. ಕಣ್ಣಿನದ್ದು ಈಗಲೇ ಹೇಳಲಿಕ್ಕಾಗುವುದಿಲ್ಲ, ನರ ಎಷ್ಟು ಸಮಯ ಒತ್ತಿಕೊಂಡಿತ್ತು ಅಂತ ಯಾರಿಗೂ ಗೊತ್ತಿಲ್ಲವಲ್ಲ. ಮೈಯ ಊತ ಇಳೀತದೆ. ಬೆಳೆದ ಎಲುಬು ಮಾತ್ರ ಹಿಂದೆ ಹೋಗುವುದಿಲ್ಲ. ಅಂದರೆ ಅಪ್ಪ ಇನ್ನು ಹೀಗೇ ಇರ್ತಾರೆ, ಇಷ್ಟೇ ದೊಡ್ಡ ಕೈ, ಇಷ್ಟೇ ದೊಡ್ಡ ದವಡೆ. ನಾವು ಅಭ್ಯಾಸ ಮಾಡಿಕೊಳ್ಳಬೇಕು.

ಮೂಗಿಗೆ ಹತ್ತಿ ತುಂಬಿಸಿದ್ದಾರೆ, ಮಾತಾಡಬೇಡಿ ಅಂದಿದ್ದಾರೆ. ಅವರು ಮಾತಾಡುವುದು ನಿಲ್ಲಿಸುವುದಿಲ್ಲ. ಪಕ್ಕದ ಮಂಚದ ಈಶ್ವರಮಂಗಲದ ಮನುಷ್ಯನಿಗೆ ನಿನ್ನ ಆಟ ವಿವರಿಸಿ ಆಯಿತು. ಅವರು ಯೋಧ ಆಗಿದ್ದಾರೆ. ನರ್ಸ್ ಎರಡು ಸಲ ಬಂದು ಗದರಿಸಿದಳು, ನನ್ನನ್ನು.

ಅಪ್ಪನ ಪ್ರಶ್ನೆ ಒಂದು ಉಂಟು, ನಿನ್ನನ್ನೇ ಕೇಳಬೇಕಂತೆ. ಪುಸ್ತಕ ಎಲ್ಲಿಗೆ ಬಂತು?

ಅಕ್ಕ


ಆಲೆಟ್ಟಿ
24 ಆಗಸ್ಟ್ 2025

ಅಕ್ಕ,

ಪುಸ್ತಕ ಪುನಃ ಶುರು ಮಾಡಿದ್ದೇನೆ ಅಂತ ಹೇಳು. ಗುಡ್ಡ ಆಗುವುದನ್ನು ತೆಗೆದೆ, ಎದೆಯೊಳಗಿನ ನಿಧಿ ತೆಗೆದೆ, ಐದು ಹೆಚ್ಚು ಕೊಡುವುದನ್ನಂತೂ ಮೊದಲೇ ಹರಿದು ಬಿಸಾಡಿದೆ. ಅಶ್ವಿತ್ ಕೇಳ್ತಾನೆ, ಕೊಲ್ಲಲಿಕ್ಕಿಲ್ಲದ ದೈತ್ಯ ಮತ್ತೆ ಯಾಕೆ, ಆಟದಲ್ಲಿ ಅವನಿಂದ ಎಂತ ಉಪಯೋಗ ಅಂತ. ಅವನ ಹತ್ತಿರ ಒಂದು ವಾರ ಜಗಳ ಆಡಿದೆ.

ಈಗ ಹೀಗೆ ಉಂಟು: ದೈತ್ಯ ಮೊದಲು ನಮ್ಮ ಹಾಗೆಯೇ ಇದ್ದವನು. ಯಾಕೆ ಬೆಳೆದ ಅಂತ ಅವನಿಗೂ ಗೊತ್ತಿಲ್ಲ. ಪಾಪ ಅಲ್ಲ, ಶಾಪ ಅಲ್ಲ. ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳ್ತಾರೆ. ವೀರರಿಗೆ ಇರುವ ಕೆಲಸ ನಿಜವಾದ ಕಾರಣ ಹುಡುಕುದು. ಅದಕ್ಕೆ ಅವನು ಮಾತಾಡಬೇಕು. ಅವನನ್ನು ಮಾತಾಡಿಸುವುದೇ ಇಡೀ ಪುಸ್ತಕದಲ್ಲಿ ಕಷ್ಟದ ಕೆಲಸ, ದಾಳ ಹತ್ತೊಂಬತ್ತರ ಮೇಲೆ ಬೀಳಬೇಕು.

ಕನ್ನಡ ತಿದ್ದಿ ಕೊಡ್ತೀಯಾ? ದೈತ್ಯ ಅಂತಲೇ ಕೊನೆವರೆಗೂ ಬರೆದಿದ್ದೇನೆ.

ಮೋಕ್ಷಿತ್


ಕಡಬ
28 ಸೆಪ್ಟೆಂಬರ್ 2025

ಮೋಕ್ಷಿ,

ಅಧ್ಯಾಯ ತಿದ್ದಿ ಇದರ ಜೊತೆ ಕಳಿಸಿದ್ದೇನೆ. ‘ಮಹಾಪ್ರಾಣ’ ಎಂಬುದು ಕನ್ನಡದಲ್ಲಿ ಉಂಟು ಅಂತ ನಿನಗೆ ಯಾವಾಗ ಗೊತ್ತಾಗುತ್ತದೋ. ಹತ್ತೊಂಬತ್ತು ಜಾಸ್ತಿಯಾಯಿತು, ಹದಿನೈದು ಸಾಕು. ಹುಬ್ಬು ಗಂಟಿಕ್ಕಬೇಡ, ನಾನು ಅತ್ತೆಯ ಜೊತೆ ಆಡಿ ನೋಡಿದ್ದೇನೆ. ಅತ್ತೆ ಮಂತ್ರವಾದಿ.

ನಿನ್ನೆಯ ಪ್ರಯಾಣದ ಬಗ್ಗೆ ಅಪ್ಪ ಏನು ಹೇಳಿದರೋ ಗೊತ್ತಿಲ್ಲ, ನನ್ನ ಪಾಲಿನದ್ದು ಕೇಳು. ಮಂಗಳೂರಿನಲ್ಲಿ ತಪಾಸಣೆ ಮುಗಿಯುವಾಗ ಮಧ್ಯಾಹ್ನ ಆಯಿತು. ಕಣ್ಣಿನ ಡಾಕ್ಟರು ಏನೋ ಚಾರ್ಟು ನೋಡಿ “ಪರವಾಗಿಲ್ಲ, ಸುಧಾರಿಸಿದೆ” ಅಂದರು. ಅಷ್ಟೇ. ಎಷ್ಟು ಸುಧಾರಿಸಿದೆ ಅಂತ ನಾನು ಕೇಳುವುದರೊಳಗೆ ಇನ್ನೊಬ್ಬರನ್ನು ಕರೆದರು. ಅಪ್ಪನನ್ನು ಕೇಳಿದರೆ “ನೋಡುವ” ಅಂದರು. ಕಾರು ಮಾಡುವ ಅಂದರೆ ಒಪ್ಪಲಿಲ್ಲ, ಬಸ್ಸೇ ಬೇಕಂತೆ, ಅದರಲ್ಲೂ ಎಡಬದಿಯ ಕಿಟಕಿ. ನನಗೆ ಬೆಳಿಗ್ಗೆಯಿಂದ ತಲೆ ಸಿಡೀತಿತ್ತು, ಸ್ವಲ್ಪ ಕಣ್ಣು ಮುಚ್ಚುವ ಅಂತ ಇದ್ದೆ.

ಅವರು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ನೆಟ್ಟಗೆ ಕೂತಿದ್ದರು. ಕುತ್ತಿಗೆ ಒಂದಿಷ್ಟೂ ಅಲುಗುವುದಿಲ್ಲ. ಮಾಣಿ ದಾಟಿದ ಮೇಲೆ ಶುರು ಮಾಡಿದರು. “ಟೈಲ್ಸ್ ಅಂಗಡಿ” ಅಂದರು. ನಾನು ಹೂಂ ಅಂದೆ. “ಕೋಳಿ ಅಂಗಡಿ. ಬಾಗಿಲು ಹಾಕಿದೆ.” ಕಬಕ ಬರುವಾಗ “ಕೊಡೆ ಹಿಡಿದು ಇಬ್ಬರು ಹೆಂಗಸರು, ಒಬ್ಬಳ ಕೊಡೆ ಹಸಿರು” ಅಂದರು. ಸುಮ್ಮನಿರಿ ಅಪ್ಪ, ಬಸ್ಸಿನವರು ನೋಡ್ತಾರೆ ಅಂದೆ. ಪುತ್ತೂರಿನಲ್ಲಿ ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ದಂತ ವೈದ್ಯರು. ದರ್ಬೆಯಲ್ಲಿ ಮೂಳೆ ಡಾಕ್ಟರ ಬೋರ್ಡನ್ನು ಅದರ ಬಣ್ಣದ ಸಮೇತ ಹೇಳಿದರು. ಮುಂದಿನವರು ತಿರುಗಿ ನೋಡಿದರು. ಮನೆಗೆ ಹೋಗಿ ಹೇಳಿ ಅಪ್ಪ, ದಮ್ಮಯ್ಯ ಅಂತ ಎರಡನೇ ಸಲ ಹೇಳಿದೆ.

ಕುಂಬ್ರ ದಾಟುವಾಗ ನಾನು ಅವರ ಮುಖ ನೋಡಿದೆ. ನೋಟ ಮುಂದಿನ ಸೀಟಿನ ಮೇಲೆಯೇ ಇತ್ತು. ಕಿಟಕಿಯ ಕಡೆಗೆ ಅವರು ಒಮ್ಮೆಯೂ ತಿರುಗಿರಲಿಲ್ಲ. “ಒಬ್ಬ ಸೈಕಲಿನವನು, ಹಿಂದೆ ಗ್ಯಾಸ್ ಸಿಲಿಂಡರ್” ಅಂದರು. ಕಣ್ಣಿನಿಂದ ನೀರು ಇಳೀತಿತ್ತು, ಒರೆಸಲಿಕ್ಕೂ ಹೋಗಲಿಲ್ಲ.

ಆಮೇಲೆ ಸುಳ್ಯದವರೆಗೂ ಹೇಳಿದರು. ಒಂದು ಅಂಗಡಿಯನ್ನೂ ಬಿಡಲಿಲ್ಲ. ನಾನು ಮೂರನೇ ಸಲ ಸುಮ್ಮನಿರಿ ಅಂತ ಹೇಳಲಿಲ್ಲ.

ಅಕ್ಕ